ಸರ್ಕಾರಿ ಶಾಲೆಗೆ ಹಾಕಿದರೆ ಮಗು ಹಿಂದೆ ಬೀಳುತ್ತಾ?

ಮೇ ಮುಗಿಯುತ್ತಿದ್ದಂತೆ ತಾಯಂದಿರು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಾರೆ: "ಟೀಚರ್, ನಿಜ ಹೇಳಿ, ಸರ್ಕಾರಿ ಶಾಲೆಗೆ ಹಾಕಿದ್ರೆ ನನ್ ಮಗು ಹಿಂದೆ ಬೀಳಲ್ವಾ?" ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಕಲಿಸುವವರ ಯೋಗ್ಯತೆಯಿಂದಂತೂ ಹಿಂದೆ ಬೀಳುವುದಿಲ್ಲ. ತೊಂದರೆ ಇರುವುದು ಎಷ್ಟು ಜನ ಇದ್ದೇವೆ, ಎಷ್ಟು ಹೊತ್ತು ತರಗತಿಯಲ್ಲಿರಲು ಬಿಡುತ್ತಾರೆ ಅನ್ನುವುದರಲ್ಲಿ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು ಸಾಕು. ತರಗತಿ ಐದು, ಟೀಚರ್ ಇಬ್ಬರು! ಒಂದು, ಎರಡು, ಮೂರನೇ ತರಗತಿ, ಕಾರ್ಡು-ಚಟುವಟಿಕೆಗಳಿಂದ ಕಲಿಸುವ ನಲಿ-ಕಲಿ ಕೊಠಡಿಯಲ್ಲಿ ಒಟ್ಟಿಗೆ ಕೂರುತ್ತವೆ. ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ಈ ಪದ್ಧತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮಗು ತನ್ನ ವೇಗಕ್ಕೆ ತಕ್ಕಂತೆ ಕಲಿಕಾ ಏಣಿ ಹತ್ತುತ್ತದೆ. ಆದರೆ ಟೀಚರ್ ಒಂದು ತಟ್ಟೆಯಿಂದ, ಅಂದರೆ ಮಕ್ಕಳ ಒಂದು ಗುಂಪಿನಿಂದ, ಇನ್ನೊಂದಕ್ಕೆ ಓಡಾಡುತ್ತಿದ್ದರೆ ಮಾತ್ರ. ಪುಟ್ಟ ಕೈ ಹಿಡಿದು 'ರ', 'ಗ' ತಿದ್ದಿಸುತ್ತಿರುವಾಗಲೇ ಫೋನ್ ಬರುತ್ತದೆ: ಇವತ್ತು ಮೊಟ್ಟೆ ಎಷ್ಟು, ಹಾಜರಾತಿ ಹಾಕಿದಿರಾ? ಅಷ್ಟರಲ್ಲಿ ಆ ತಟ್ಟೆಯ ಕಾರ್ಡುಗಳು ನೆಲದ ತುಂಬ ಹರಡಿರುತ್ತವೆ. 2025ರಲ್ಲಿ ಟೀಚರುಗಳು ಜಾತಿ ಸಮೀಕ್ಷೆ ಮಾಡಲೆಂದು ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಹಿಗ್ಗಿಸಿದರು. ಪಾಠ ತಪ್ಪಿದ್ದು ಯಾರ ಮಕ್ಕಳಿಗೆ?

ಹಾಗಂತ ಬೋರ್ಡಿನಲ್ಲಿ ಇಂಗ್ಲಿಷ್ ಮೀಡಿಯಂ ಅಂತ ಇದ್ದ ಮಾತ್ರಕ್ಕೆ ಒಳ್ಳೆಯ ಶಾಲೆಯಲ್ಲ. ಕಡಿಮೆ ಫೀಸಿನ ಕಾನ್ವೆಂಟಿನಿಂದ ನಮ್ಮಲ್ಲಿಗೆ ಬಂದ ಮಗುವಿನ ನೋಟ್ಸ್ ಮುತ್ತು ಪೋಣಿಸಿದಂತಿರುತ್ತದೆ, ಅದನ್ನೇ ಓದು ಅಂದರೆ ಬಾಯಿ ಬಿಡುವುದಿಲ್ಲ.

ನ್ಯಾಯದ ಮಾತಿಗೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಖಾಸಗಿ ಶಾಲೆಗಳಲ್ಲಿ ಬಡ, ಹಿಂದುಳಿದ ಮಕ್ಕಳಿಗೆಂದು ಕಾಯ್ದೆ ಇಟ್ಟಿದ್ದ ಶೇ. 25 ಸೀಟುಗಳನ್ನು, 2019ರಿಂದ ನಮ್ಮ ರಾಜ್ಯದಲ್ಲಿ ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇಲ್ಲದ ಕಡೆಗಷ್ಟೇ ಸೀಮಿತ ಮಾಡಿದರು. ಸರ್ಕಾರಿ ಶಾಲೆ ಉಳಿಯಲಿ ಅನ್ನುವ ಉದ್ದೇಶ ನನಗೂ ಒಪ್ಪಿಗೆ. ಆದರೆ ಉಳಿಯಬೇಕಾದರೆ ತರಗತಿಗೊಬ್ಬ ಟೀಚರ್ ಬೇಕು, ನಾಲ್ಕನೇ ವಯಸ್ಸಿಗೇ ಎಲ್‌ಕೆಜಿ ಬೇಕು. ಎಲ್‌ಕೆಜಿಗೆ ಬೇರೆ ಕಡೆ ಸೇರಿದ ಮಗು ಒಂದನೇ ತರಗತಿಗೆ ನಮ್ಮ ಕಡೆ ತಿರುಗಿ ಬರುವುದು ಅಪರೂಪ. ಆ ಎಲ್‌ಕೆಜಿಯನ್ನು ಎಲ್ಲ ಊರಿನ ಸರ್ಕಾರಿ ಶಾಲೆಗೂ ಕೊಡದೆ, ಫೀಸು ಕಟ್ಟಲಾಗದವರನ್ನಷ್ಟೇ ನಮ್ಮಲ್ಲಿ ಉಳಿಸಿದ್ದು ತಪ್ಪು.

ಆದ್ದರಿಂದ ಕೇಳುವ ತಾಯಂದಿರಿಗೆ ನಾನು ಹೇಳುವುದಿಷ್ಟು: ಎರಡೂ ಶಾಲೆಗೆ ಹೋಗಿ ನೋಡಿ. ಎಷ್ಟು ಜನ ಟೀಚರ್ ಇದ್ದಾರೆ, ಅತಿಥಿ ಶಿಕ್ಷಕರು ಎಷ್ಟು ಜನ ಕೇಳಿ. ಮೂರನೇ ತರಗತಿಯ ಯಾವುದಾದರೂ ಮಗುವಿನಿಂದ ಹೊಸ ಪುಟವೊಂದನ್ನು ಓದಿಸಿ. ನಮ್ಮ ಶಾಲೆಗೇ ಸೇರಿಸಿದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ತಪ್ಪದೆ ಬನ್ನಿ, ಖಾಲಿ ಹುದ್ದೆ ತುಂಬಿಸಿ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ನಮ್ಮ ಜೊತೆ ನೀವೂ ಅರ್ಜಿ ಕೊಡಿ.