ಟ್ಯಾಬ್‌ನಲ್ಲಿ ಬೇರೆ ಪಾರ್ಟಿ ಹೆಸರು

ಕಲಬುರಗಿಯ ಒಂದು ತೊಗರಿ ಬೇಳೆ ಮಿಲ್ಲಿನ ಆಫೀಸು ನನ್ನದು. ಬಿಲ್ಲು, ಕೊಟೇಶನ್, ಬ್ಯಾಂಕಿನ ಪತ್ರ ಎಲ್ಲ ನನ್ನ ಕೈಯಲ್ಲೇ. ಹೊಸ ಕೊಟೇಶನ್ ಬೇಕೆಂದರೆ ಹಳೆಯದನ್ನು ತೆಗೆದು, ಹೆಸರು, ತಾರೀಖು, ರೇಟು ಬದಲಿಸಿ ಸೇವ್ ಆ್ಯಸ್ ಕೊಡುತ್ತಿದ್ದೆ. ಒಂಬತ್ತು ವರ್ಷ ಹಾಗೇ ನಡೆಯಿತು.

ಹೋದ ತಿಂಗಳು ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಫೋನ್ ಮಾಡಿದರು. "ತಂಗಿ, ಈ ಕೊಟೇಶನ್ ನಮಗ ಕಳಿಸೀಯೋ, ಬ್ಯಾರೇದವರಿಗೋ?"

ಪಿಡಿಎಫ್‌ನ ಹೆಸರೂ ಅವರದೇ, ಒಳಗಿನ ವಿಳಾಸವೂ ಅವರದೇ. ಆದರೆ ಕ್ರೋಮ್‌ನಲ್ಲಿ ತೆರೆದಾಗ ಮೇಲಿನ ಟ್ಯಾಬ್‌ನಲ್ಲಿ ಇನ್ನೊಂದು ಅಂಗಡಿಯ ಹೆಸರು. ಪಕ್ಕದಲ್ಲೇ "ಸ್ಪೆಷಲ್ ರೇಟ್" ಅಂತ. "ಅವರಿಗಿ ಸ್ಪೆಷಲ್, ನಮಗ ಸಾದಾ ಏನು?" ಅಂದರು. ಸಾವ್ಕಾರರು ಕ್ವಿಂಟಲ್‌ಗೆ ಐವತ್ತು ರೂಪಾಯಿ ಇಳಿಸಿ ಸಮಾಧಾನ ಮಾಡಿದರು. ನನಗೇನೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಅವತ್ತು ಸಂಜೆ ವರ್ಡ್‌ನಲ್ಲಿ ಫೈಲ್, ಇನ್ಫೋ ಒತ್ತಿ ನೋಡಿದೆ. ಬಲಗಡೆ ಟೈಟಲ್ ಅಂತ ಒಂದು ಜಾಗ ಇದೆ. ಫೈಲಿಗೆ ಎಷ್ಟು ಸಲ ಬೇರೆ ಹೆಸರು ಕೊಟ್ಟರೂ ಅದು ಬದಲಾಗುವುದಿಲ್ಲ. ಪಿಡಿಎಫ್ ಮಾಡಿದಾಗ ಜೊತೆಗೇ ಹೋಗುತ್ತದೆ. ಆಥರ್ ಜಾಗದಲ್ಲಿ ನನಗಿಂತ ಮೊದಲು ಇದ್ದ ಆಪರೇಟರ್ ಹೆಸರು. ಕಂಪನಿ ಜಾಗದಲ್ಲಿ ಮಿಲ್ಲಿನ ಹೆಸರು, ಮುಂದೆ "ಗುಲ್ಬರ್ಗಾ". ಊರಿನ ಹೆಸರು ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ನಮ್ಮ ಬೋರ್ಡು, ಲೆಟರ್‌ಹೆಡ್, ರಬ್ಬರ್ ಸ್ಟಾಂಪು ಎಲ್ಲ ಕಲಬುರಗಿ ಆಗಿ ಎಷ್ಟೋ ವರ್ಷವಾಯಿತು. ಫೈಲಿನ ಹೊಟ್ಟೆಯಲ್ಲಿ ಮಾತ್ರ ಇನ್ನೂ ಗುಲ್ಬರ್ಗಾ!

ಕೆಲವು ಹಳೆ ಪತ್ರಗಳಲ್ಲಿ ಟೈಟಲ್ ಓದಲಿಕ್ಕೇ ಬರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಟೊಪ್ಪಿಗೆ, ಬಾಲ ಹಚ್ಚಿದ ಹಾಗಿತ್ತು. ಅವು ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ; ಆ ಫಾಂಟ್ ಹಚ್ಚಿದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಹಳೆ ವರ್ಡ್ ಮೊದಲ ಸಲ ಸೇವ್ ಮಾಡುವಾಗ ಪತ್ರದ ಮೊದಲ ಸಾಲನ್ನೇ ಟೈಟಲ್ ಮಾಡಿಕೊಳ್ಳುತ್ತಿತ್ತು. ಟೈಟಲ್ ಜಾಗಕ್ಕೆ ನುಡಿ ಫಾಂಟ್ ಎಲ್ಲಿಂದ ಬರಬೇಕು? ಕನ್ನಡದಲ್ಲಿದ್ದ ಗುಟ್ಟು ಹಾಗೆ ಉಳಿಯಿತು, ಇಂಗ್ಲಿಷ್‌ನದು ಹುಬ್ಬಳ್ಳಿ ಮುಟ್ಟಿತು.

ಈಗ ಕಳಿಸುವ ಮೊದಲು ಫೈಲಿನ ಕಾಪಿ ಮಾಡಿಕೊಂಡು, ಅದರ ಮೇಲೆ ಇಂಥ ಅಡಗಿದ ವಿವರಗಳನ್ನು ಹುಡುಕಿ ತೆಗೆಯುವ ಇನ್ಸ್‌ಪೆಕ್ಟ್ ಡಾಕ್ಯುಮೆಂಟ್ ಓಡಿಸುತ್ತೇನೆ. ಇನ್ಫೋದಲ್ಲೇ ಚೆಕ್ ಫಾರ್ ಇಶ್ಯೂಸ್ ಒಳಗೆ ಇದೆ. ಕಾಪಿ ಯಾಕೆಂದರೆ ಅದು ತೆಗೆದದ್ದು ವಾಪಸ್ ಬರದೇ ಇರಬಹುದು. ತಿದ್ದಿದ್ದನ್ನೆಲ್ಲ ಗುರುತು ಹಾಕಿ ಇಡುವ ಟ್ರ್ಯಾಕ್ ಚೇಂಜಸ್‌ನಲ್ಲಿ ತಿದ್ದಿದ ಪತ್ರವಾದರೆ ಇನ್ನೂ ಹುಷಾರು. ರಿಮೂವ್ ಆಲ್ ಒತ್ತಿದರೆ ತಿದ್ದುಪಡಿಗಳನ್ನೆಲ್ಲ ಒಪ್ಪಿಕೊಂಡುಬಿಡುತ್ತದೆ, ಬೇಡ ಅಂದುಕೊಂಡಿದ್ದನ್ನೂ ಸೇರಿಸಿ.

ನಿಜವಾಗಿ ಎದೆ ಧಸಕ್ಕೆಂದಿದ್ದು ಎಕ್ಸೆಲ್ ನೋಡಿದಾಗ. ವಾರವಾರ ದಲ್ಲಾಳಿಗಳಿಗೆ ಕಳಿಸುವ ರೇಟ್ ಲಿಸ್ಟಿನಲ್ಲಿ ಒಂದು ಶೀಟ್ ಹೈಡ್ ಮಾಡಿ ಇಟ್ಟಿದ್ದೆ. ನಾವು ತೊಗರಿ ಕೊಂಡ ರೇಟು, ನುಚ್ಚು, ಹೊಟ್ಟಿನ ಲೆಕ್ಕ ಎಲ್ಲ ಅದರಲ್ಲೇ. ಕೆಳಗಿನ ಶೀಟ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಹೈಡ್ ಅಂದರೆ ಸಾಕು, ಯಾರಿಗಾದರೂ ಕಾಣುತ್ತದೆ. ಯಾರಾದರೂ ಅಂದಿದ್ದಾರಾ? ನನಗೆ ಕೇಳುವ ಧೈರ್ಯವಿಲ್ಲ. ಕಾಣುವ ಶೀಟಿನ ರೇಟೆಲ್ಲ ಆ ಶೀಟಿನ ಲೆಕ್ಕದಿಂದಲೇ ಬರುವುದು, ಅದನ್ನು ಅಳಿಸಿದರೆ ಎರರ್ ಆಗುತ್ತವೆ. ಹಾಗಾಗಿ ರೇಟ್ ಲಿಸ್ಟ್ ಈಗ ಪಿಡಿಎಫ್ ಆಗಿಯೇ ಹೋಗುತ್ತದೆ.

ಕೊಟೇಶನ್‌ಗೆ ಪಾರ್ಟಿ ಹೆಸರೇ ಇಲ್ಲದ ಖಾಲಿ ಫೈಲ್ ಒಂದು ಮಾಡಿಟ್ಟಿದ್ದೇನೆ. ಆಥರ್ ಜಾಗದಿಂದ ಆ ಹುಡುಗನ ಹೆಸರು ತೆಗೆಯುವಾಗ ಯಾಕೋ ಅವನಿಗೆ ಫೋನ್ ಮಾಡಿದೆ. ಈಗ ಬೀದರ್‌ನಲ್ಲಿದ್ದಾನೆ. ವಿಷಯ ಕೇಳಿ ನಕ್ಕ. "ಹಂಗಂದ್ರ ಇಷ್ಟು ವರ್ಷ ನಿಮ್ಮ ಕೊಟೇಶನ್ ಎಲ್ಲಾ ನಾನೇ ಬರ್ದಂಗಾತಲ್ರೀ ಅಕ್ಕಾ. ಸಾವ್ಕಾರ್ರಿಗಿ ಹೇಳಿ ಪಗಾರ ಕೊಡಸ್ರಿ."