ಅಷ್ಟು ಚಿಕ್ಕವರಿದ್ದಾಗಿನ ನೆರೆ ನಿಮಗೆ ನಿಜವಾಗಲೂ ನೆನಪಿದೆಯಾ?

ನನಗೆ 5 ವರ್ಷ ಇದ್ದಾಗ ನಮ್ಮ ಮನೆಗೆ ನೆರೆ ನೀರು ನುಗ್ಗಿತ್ತು. ಮಾತಿನ ಮಧ್ಯೆ ಈ ವಿಷಯ ಬಂದರೆ ಸಾಕು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಅದು ನಿಜವಾಗಲೂ ನೆನಪಿದೆಯಾ, ಇಲ್ಲಾ ಮನೆಯವರು ಹೇಳಿದ್ದನ್ನೇ ನೆನಪು ಅಂದುಕೊಂಡಿದ್ದೀರಾ? ಕೆಲವರು ಸುಮ್ನೆ ಕುತೂಹಲಕ್ಕೆ ಕೇಳುತ್ತಾರೆ. ಆದರೆ ಜಾಸ್ತಿ ಕೇಳುವವರು ಚಿಕ್ಕ ಮಕ್ಕಳ ಅಪ್ಪ ಅಮ್ಮಂದಿರು. ಅವರ ಮನೆಗೂ ನೀರು ನುಗ್ಗಿರುತ್ತದೆ, ಅಥವಾ ಗಾಳಿಗೆ ಛಾವಣಿ ಹಾರಿರುತ್ತದೆ, ನೆಲ ನಡುಗಿರುತ್ತದೆ. ಮಗು ಇದನ್ನೆಲ್ಲ ಮರೆತುಬಿಡುತ್ತದೆ ಅಲ್ವಾ ಅಂತ ಅವರಿಗೊಂದು ಆಸೆ.

ನೆನಪಿದೆ. ಆದರೆ ದೊಡ್ಡವರ ನೆನಪಿನ ನೆರೆಯೇ ಬೇರೆ, ನನ್ನದೇ ಬೇರೆ.

ನೀರು ಎಷ್ಟು ಹೊತ್ತಿಗೆ ಏರಿತು, ಏನೇನು ಹೋಯಿತು, ಯಾರು ಸಹಾಯಕ್ಕೆ ಬಂದರು, ಇದೆಲ್ಲ ಅಪ್ಪನ ನೆನಪು. ನನ್ನ ನೆನಪಲ್ಲಿರುವುದು ಮಹಡಿಯ ಮೆಟ್ಟಿಲು. ನಾವು ಅಲ್ಲಿ ಕೂತಿದ್ದೆವು. ಕಂದು ಬಣ್ಣದ ನೀರು ಸದ್ದೇ ಇಲ್ಲದೆ ಒಂದೊಂದೇ ಮೆಟ್ಟಿಲನ್ನು ನುಂಗುತ್ತಾ ಬರುತ್ತಿತ್ತು. ಅದರ ಮೇಲೆ ಕಸ ಕಡ್ಡಿ, ಬಣ್ಣ ಬಣ್ಣವಾಗಿ ಹೊಳೆಯುವ ಎಣ್ಣೆಯ ಪೊರೆ, ಅದರ ನಡುವೆ ನನ್ನ ಒಂದು ಚಪ್ಪಲಿ ಮಗುಚಿಕೊಂಡು ಗಿರಗಿರ ತಿರುಗುತ್ತಿತ್ತು. ಅದು ಬೇಕೇ ಬೇಕು ಅಂತ ನಾನು ಅತ್ತೆ. ಅಮ್ಮ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ನೀರು ನೋಡಿದಾಗ ನನಗೇನೂ ಅನ್ನಿಸಿರಲಿಲ್ಲ, ಅಮ್ಮನ ಕೈ ನಡುಗುತ್ತಿದೆ ಅಂತ ಗೊತ್ತಾದಾಗ ಭಯ ಶುರುವಾಯಿತು.

ಇನ್ನೊಂದು ಚಿತ್ರವೂ ಇದೆ. ನನ್ನನ್ನು ದೋಣಿಗೆ ಇಳಿಸುತ್ತಿದ್ದಾರೆ, ಮತ್ತು ಆ ಚಿತ್ರದಲ್ಲಿ ನನಗೆ ನಾನೇ ಕಾಣುತ್ತೇನೆ, ಎದುರು ಮನೆಯ ತಾರಸಿಯಿಂದ ನೋಡಿದ ಹಾಗೆ. ಹಾಗೆ ಹೊರಗಿನಿಂದ ಕಾಣುವ ನೆನಪೆಲ್ಲ ಸುಳ್ಳು ಅಂತಲ್ಲ. ಆದರೆ ಆ ದೋಣಿಯ ಕಥೆಯನ್ನು ಮನೆಯಲ್ಲಿ ಎಷ್ಟು ಸಲ ಕೇಳಿದ್ದೇನೆ ಅಂದರೆ, ನನ್ನ ಮನಸ್ಸೇ ಆ ಚಿತ್ರ ಬರೆದುಕೊಂಡಿದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಹಾಗಾಗಿ ನನ್ನ ಉತ್ತರ ಇಷ್ಟೇ: ಎರಡೂ ಇದೆ. ಚಪ್ಪಲಿ ನನ್ನ ನೆನಪು, ದೋಣಿ ಮನೆಯವರು ಕೊಟ್ಟಿದ್ದು.

ಮೂರು ವರ್ಷಕ್ಕಿಂತ ಮೊದಲಿನದು ನಮ್ಮಲ್ಲಿ ಹೆಚ್ಚಿನವರಿಗೆ ಬಾಯಿಬಿಟ್ಟು ಹೇಳುವ ಹಾಗೆ ಉಳಿಯುವುದಿಲ್ಲ. ಅದಾದ ಮೇಲಿನದು ಉಳಿಯಬಹುದು, ಅದೂ ಆಶ್ಚರ್ಯ ಆಗುವಷ್ಟು. 1992ರ ಆಗಸ್ಟ್‌ನಲ್ಲಿ ಆಂಡ್ರ್ಯೂ ಚಂಡಮಾರುತ ಅಮೆರಿಕದ ಫ್ಲೋರಿಡಾಕ್ಕೆ ಅಪ್ಪಳಿಸಿತು. ಆಗ 3-4 ವರ್ಷದವರಾಗಿದ್ದ ಮಕ್ಕಳನ್ನು ಸಂಶೋಧಕರು ಕೆಲವೇ ತಿಂಗಳಲ್ಲಿ ಮಾತಾಡಿಸಿದರು. 6 ವರ್ಷ ಆದಮೇಲೆ ಅದೇ ಮಕ್ಕಳನ್ನು ಮತ್ತೆ ಕೇಳಿದರು. ಮನಶ್ಶಾಸ್ತ್ರಜ್ಞೆ ರಾಬಿನ್ ಫೈವುಶ್ ಮತ್ತು ಜೊತೆಗಾರರು 2004ರಲ್ಲಿ ಇದನ್ನು ಪ್ರಕಟಿಸಿದರು. ಮಕ್ಕಳು ಮರೆತಿರಲಿಲ್ಲ. ಮೊದಲ ಸಲಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ವಿವರ ಹೇಳಿದರು. ಹೇಳೋಕೆ ಬೇಕಾದ ಮಾತು ಅಷ್ಟರಲ್ಲಿ ಅವರ ಬಾಯಿಗೆ ಬಂದಿತ್ತು.

ಆ ಅಧ್ಯಯನದಲ್ಲಿ ನನ್ನನ್ನು ಬಿಡದೆ ಕಾಡುವ ಭಾಗ ಬೇರೆ ಇದೆ. ಮನೆಯೊಳಗೇ ಬಿರುಗಾಳಿ ನುಗ್ಗಿ ತುಂಬಾ ಕಷ್ಟ ಕಂಡ ಮಕ್ಕಳು, ಅಷ್ಟೊಂದು ಕಷ್ಟಪಡದ ಮಕ್ಕಳಿಗಿಂತ ಮೊದಲ ಸಲ ಕಡಿಮೆ ಮಾತಾಡಿದ್ದರು. 6 ವರ್ಷದ ನಂತರ ಎಲ್ಲರಷ್ಟೇ ಹೇಳಿದರು, ಆದರೆ ಅವರ ಬಾಯಿ ಬಿಡಿಸಲು ಜಾಸ್ತಿ ಪ್ರಶ್ನೆ ಕೇಳಬೇಕಾಯಿತು. ಅಷ್ಟೇ ಅಲ್ಲ, ಆಗ ಹೇಳಿದ್ದಕ್ಕೂ ಈಗ ಹೇಳಿದ್ದಕ್ಕೂ ಹೆಚ್ಚು ಹೊಂದಾಣಿಕೆ ಇದ್ದದ್ದು ಈ ಮಕ್ಕಳಲ್ಲೇ.

ನನಗೆ ತಕ್ಷಣ ನೆನಪಾದದ್ದು ಅಕ್ಕ. ಅವಳಿಗೆ ಆಗ 9 ವರ್ಷ. ನೆರೆಯ ಬಗ್ಗೆ ಅವಳು ಮಾತೇ ಆಡುತ್ತಿರಲಿಲ್ಲ, ಧೈರ್ಯದ ಹುಡುಗಿ ಅಂತ ಎಲ್ಲರೂ ಹೊಗಳಿದರು. ದೊಡ್ಡವರಾದ ಮೇಲೆ ಒಂದು ದಿನ ನಾನೇ ಕೇಳಿದೆ. ಅಕ್ಕ ಆ ರಾತ್ರಿಯನ್ನು ಮೊದಲಿಂದ ಕೊನೆವರೆಗೆ ಹೇಳಿದಳು, ಯಾವ ಕಿಟಕಿಯ ಬಾಗಿಲು ಹೇಗೆ ಬಡಿದುಕೊಳ್ಳುತ್ತಿತ್ತು ಅನ್ನೋದರ ಸಮೇತ. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ, "ಯಾರೂ ಕೇಳಲಿಲ್ಲವಲ್ಲ" ಅಂದಳು.

1989ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲೋಮಾ ಪ್ರಿಯೆಟಾ ಭೂಕಂಪ ಆಯಿತು. ಅದನ್ನು ಸ್ವತಃ ಅನುಭವಿಸಿದವರು ಒಂದೂವರೆ ವರ್ಷದ ನಂತರವೂ ತಾವು ಆಗ ಎಲ್ಲಿದ್ದೆವು, ಏನು ಮಾಡುತ್ತಿದ್ದೆವು ಅಂತ ಹೆಚ್ಚುಕಡಿಮೆ ತಪ್ಪಿಲ್ಲದೆ ಹೇಳಿದರು. ದೂರದಲ್ಲಿ ಸುದ್ದಿ ಕೇಳಿದವರ ನೆನಪು ಅಷ್ಟು ಗಟ್ಟಿಯಾಗಿರಲಿಲ್ಲ. ಅನುಭವಿಸಿದವರು ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡದ್ದೂ ಇದಕ್ಕೆ ಕಾರಣ ಇರಬಹುದು ಅಂತಾರೆ ಸಂಶೋಧಕರು. ದೊಡ್ಡವರಿಗೆ ಹಾಗೆ ಹೇಳಿಕೊಳ್ಳುವ ಅವಕಾಶ ತಾನಾಗಿ ಸಿಗುತ್ತದೆ. ಮಕ್ಕಳು ಬಾಯಿ ತೆರೆದರೆ "ಆಗಿದ್ದು ಆಗೋಯ್ತು, ಬಿಡು" ಅಂತೀವಿ.

ಆದ್ದರಿಂದ ಮಗು ಮರೆಯುತ್ತದಾ ಅಂತ ಕೇಳುವ ಅಪ್ಪ ಅಮ್ಮಂದಿರಿಗೆ ನಾನು ಹೇಳೋದು: ಮರೆಯಲಿ ಅಂತ ಕಾಯಬೇಡಿ. ಹಾಗಂತ ಕೂರಿಸಿಕೊಂಡು ಒತ್ತಾಯ ಮಾಡಿ ಕೇಳೋದೂ ಬೇಡ. ಚಿಕ್ಕ ಮಕ್ಕಳು ಆಟದಲ್ಲಿ ತಾವಾಗಿಯೇ ಅದನ್ನು ತರುತ್ತಾರೆ. ನಾನೂ ಹಾಸಿಗೆಯನ್ನೇ ದೋಣಿ ಮಾಡಿಕೊಂಡು ಗೊಂಬೆಗಳನ್ನು ಕಾಪಾಡುತ್ತಿದ್ದೆ. ಇದೆಂಥಾ ಅಪಶಕುನದ ಆಟ ಅಂತ ಬೈಸಿಕೊಂಡೆ. ಬೈಯಬೇಡಿ, ಪಕ್ಕದಲ್ಲಿ ಕೂತು ನೋಡಿ. ಆಟದ ನಡುವೆ, ಆಮೇಲೆ ಏನಾಯ್ತು ಅಂತ ಕೇಳಿದರೆ ಸಾಕು. ಇದೇ ಆಟವನ್ನು ತಿಂಗಳುಗಟ್ಟಲೆ ಆಡಿದರೆ, ನಿದ್ದೆ ಊಟ ಕೆಟ್ಟರೆ ಮಾತ್ರ ಮಕ್ಕಳ ಆಪ್ತಸಮಾಲೋಚಕರ ಹತ್ತಿರ ಹೋಗಲೇಬೇಕು.

ಒಂದನ್ನು ಮಾತ್ರ ನೀವಾಗಿಯೇ ಬಾಯಿಬಿಟ್ಟು ಹೇಳಿ. ನೆರೆ ಬರುವ ಹಿಂದಿನ ದಿನ ನಾನು ಶಾಲೆಗೆ ರಜೆ ಸಿಗಲಿ, ಜೋರು ಮಳೆ ಬರಲಿ ಅಂತ ಬೇಡಿಕೊಂಡಿದ್ದೆ. ಬಂತು. ಇದೆಲ್ಲ ನನ್ನಿಂದಲೇ ಆಯಿತು ಅಂತ ವರ್ಷಗಟ್ಟಲೆ ಒಳಗೊಳಗೇ ಕುದಿದಿದ್ದೇನೆ. ಆ ವಯಸ್ಸಿನ ಎಷ್ಟೋ ಮಕ್ಕಳು ಹೀಗೆ ಅಂದುಕೊಳ್ಳುತ್ತಾರಂತೆ. ಇದು ಯಾರ ತಪ್ಪಿನಿಂದಲೂ ಆಗಿದ್ದಲ್ಲ, ನಿನ್ನಿಂದಂತೂ ಅಲ್ಲವೇ ಅಲ್ಲ ಅಂತ ಮಗುವಿಗೆ ಹೇಳಿ. ಮಗು ಕೇಳದಿದ್ದರೂ ಹೇಳಿ.