ಮಳೆಗಾಲದ ರಜೆಗಳು ಮತ್ತು ಆಟಿಸಂ ಇರುವ ನಮ್ಮ ಮಕ್ಕಳು

ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಶಾಲೆ ಇದೆಯೋ ಇಲ್ಲವೋ ಎಂಬುದನ್ನು ಮಳೆಯೇ ತೀರ್ಮಾನಿಸುತ್ತದೆ. ರಜೆಯ ಆದೇಶ ಹಿಂದಿನ ರಾತ್ರಿ ಬರುವುದುಂಟು. ಕೆಲವೊಮ್ಮೆ ಮಕ್ಕಳು ಸಮವಸ್ತ್ರ ತೊಟ್ಟು ಸಿದ್ಧರಾದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಉಳಿದ ಮಕ್ಕಳು ಕುಣಿದಾಡುತ್ತಾರೆ. ಆಟಿಸಂ, ಅಂದರೆ ಮಾತು, ಬೆರೆಯುವಿಕೆ, ವರ್ತನೆಗಳು ಬೇರೆ ರೀತಿ ಇರುವಂತೆ ಮಾಡುವ ಮಿದುಳಿನ ಬೆಳವಣಿಗೆಯ ಭಿನ್ನತೆ, ಇರುವ ನನ್ನ ಅಕ್ಕನ ಮಗ ಮಾತ್ರ ಬ್ಯಾಗು ಹೆಗಲಿಗೇರಿಸಿಕೊಂಡು ಜಗುಲಿಯ ಮೆಟ್ಟಿಲ ಮೇಲೆ ನಿಂತು, ತಿರುವಿನತ್ತ ನೋಡುತ್ತ "ವ್ಯಾನ್ ಬಂತು, ವ್ಯಾನ್ ಬಂತು" ಎನ್ನುತ್ತಲೇ ಇರುತ್ತಾನೆ. ಒಳಗೆ ಕರೆದರೆ ಎರಡೂ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ, ಮುಂಗೈ ಕಚ್ಚಿಕೊಳ್ಳುತ್ತಾನೆ.

ನೆಂಟರು ಇದನ್ನು ಹಠವೆಂದು ಭಾವಿಸಿ, ಎರಡು ಏಟು ಬಿದ್ದರೆ ಸರಿಹೋಗುತ್ತಾನೆ ಎನ್ನುವಾಗ ನನಗೆ ತುಂಬ ಸಂಕಟವಾಗುತ್ತದೆ. ದಿನಚರಿ ಬದಲಾದರೆ ತಾಳಲಾಗದಿರುವುದನ್ನು, ಶಬ್ದ, ಬೆಳಕು, ಸ್ಪರ್ಶಗಳು ಬೇರೆಯವರಿಗಿಂತ ತೀರ ಹೆಚ್ಚಾಗಿಯೋ ಕಡಿಮೆಯಾಗಿಯೋ ಅನುಭವಕ್ಕೆ ಬರುವುದನ್ನು 2013ರಲ್ಲಿ ಪ್ರಕಟವಾದ ಡಿಎಸ್‌ಎಂ-5 ಎಂಬ ವೈದ್ಯಕೀಯ ಕೈಪಿಡಿ ಆಟಿಸಂನ ಲಕ್ಷಣಗಳಲ್ಲೇ ಸೇರಿಸಿದೆ. ತಗಡಿನ ಮಾಡಿನ ಮೇಲೆ ಹಗಲಿರುಳು ಬಡಿಯುವ ಮಳೆ, ಒಣಗದ ಬಟ್ಟೆಯ ತಂಡಿ, ದಿನಗಟ್ಟಲೆ ಇಲ್ಲದ ಕರೆಂಟು, ಇವೆಲ್ಲದರ ಜೊತೆಗೆ ಶಾಲೆಯೂ ತಪ್ಪಿದರೆ ಆ ಮಗುವಿಗೆ ಗುರುತಿನದೆನ್ನುವಂಥದ್ದು ಏನು ಉಳಿಯುತ್ತದೆ?

ಅಕ್ಕನಿಗೆ ದಾರಿ ತೋರಿಸಿದವರು ಮನೆಗೆ ಬಂದು ಪಾಠ ಹೇಳುವ ವಿಶೇಷ ಶಿಕ್ಷಕಿ. ಅವರ ಸಲಹೆಯಂತೆ ವ್ಯಾನು, ಶಾಲೆಯ ಗೇಟು, ಊಟದ ತಟ್ಟೆ, ಜಗುಲಿ ಇವುಗಳ ಫೋಟೋ ತೆಗೆದು ಲ್ಯಾಮಿನೇಟ್ ಮಾಡಿಸಿ, ಅಡುಗೆಮನೆಯ ಬಾಗಿಲ ಪಕ್ಕ ದಿನದ ಕ್ರಮದಲ್ಲಿ ಅಂಟಿಸಿದ್ದಾರೆ. ಮಳೆಗಾಲಕ್ಕೆಂದೇ ಮಾಡಿದ ಇನ್ನೊಂದು ಚಿತ್ರದಲ್ಲಿ ಅಂಗಳದ ಮಳೆ ಇದೆ. ಸಂಜೆ ವ್ಯಾನಿನ ಚಿತ್ರವನ್ನೂ ಮಳೆಯ ಚಿತ್ರವನ್ನೂ ಅಕ್ಕಪಕ್ಕದಲ್ಲಿಟ್ಟು, ನಾಳೆ ಇವೆರಡರಲ್ಲಿ ಒಂದು ಎಂದು ತೋರಿಸಲಾಗುತ್ತದೆ. ರಜೆ ಖಚಿತವಾದ ಕೂಡಲೇ ಅವನ ಕೈಯಿಂದಲೇ ವ್ಯಾನಿನ ಚಿತ್ರವನ್ನು ತೆಗೆಸಿ ಡಬ್ಬಿಗೆ ಹಾಕಿಸುತ್ತಾರೆ. ಮುಖ್ಯವಾದ ಸಂಗತಿಯೆಂದರೆ, ಮಳೆಯ ರಜೆಗೂ ಅದರದೇ ಆದ ಕ್ರಮವಿದೆ: ತಿಂಡಿಯಾದ ಮೇಲೆ ಹಲಸಿನ ಬೀಜಗಳನ್ನು ದೊಡ್ಡದು, ಚಿಕ್ಕದು ಎಂದು ಬೇರೆ ಮಾಡುವುದು, ಆಮೇಲೆ ಬಟ್ಟೆ ಮಡಚುವುದು, ಆಮೇಲೆ ಅಜ್ಜಿಯ ಜೊತೆ ಊಟ. ಬೀಜ ಬೇರೆ ಮಾಡುವಾಗ ಅವನ ಬೆರಳುಗಳು ಎಷ್ಟು ನಿಧಾನವಾಗಿ, ಎಷ್ಟು ಖಚಿತವಾಗಿ ಓಡಾಡುತ್ತವೆ ಎಂಬುದನ್ನು ನೋಡಿದವರು ಅವನಿಗೆ ಏಕಾಗ್ರತೆಯಿಲ್ಲ ಎನ್ನಲಾರರು. ಕಿರುಚಾಟ ಪೂರ್ತಿ ನಿಂತಿಲ್ಲ, ಆದರೆ ಬೇಗ ಇಳಿಯುತ್ತದೆ. ರಜೆಯ ಆದೇಶವನ್ನು ಸಂಜೆಯೊಳಗೆ ಹೊರಡಿಸುವುದು ಸಾಧ್ಯವಾದಾಗಲೆಲ್ಲ ಹಾಗೆ ಮಾಡಬೇಕೆಂದು ಅಧಿಕಾರಿಗಳಲ್ಲಿ ಕೇಳಿಕೊಳ್ಳುತ್ತೇನೆ. ಇಂಥ ಮನೆಗಳಿಗೆ ಒಂದು ರಾತ್ರಿಯ ಬಿಡುವು ಬಹಳ ದೊಡ್ಡದು.

ಮಲೆನಾಡಿನಲ್ಲಿ ಇದಕ್ಕಿಂತ ಹೆಚ್ಚು ಹೆದರಬೇಕಾದದ್ದು ನೀರಿಗೆ. ಆಟಿಸಂ ಇರುವ ಅನೇಕ ಮಕ್ಕಳನ್ನು ನೀರು ಬಲವಾಗಿ ಸೆಳೆಯುತ್ತದೆ. ಹೇಳದೆ ಮನೆಯಿಂದ ಹೊರಟುಹೋಗುವ ಇಂಥ ಮಕ್ಕಳ ಸಾವುಗಳಲ್ಲಿ ನೀರಿನಲ್ಲಿ ಮುಳುಗುವುದೇ ಪ್ರಮುಖ ಕಾರಣವೆಂದು ಅಮೆರಿಕದ ಅಧ್ಯಯನಗಳು ತೋರಿಸಿವೆ. ನಮ್ಮ ಒಂಟಿ ಮನೆಗಳ ಸುತ್ತ ತೋಟದ ಬಸಿಗಾಲುವೆ, ಕೃಷಿ ಹೊಂಡ, ಕಟ್ಟೆಯಿಲ್ಲದ ಬಾವಿ, ತುಂಬಿ ಹರಿಯುವ ಹಳ್ಳ ಎಲ್ಲವೂ ಇರುತ್ತವೆ. ಆದ್ದರಿಂದ ಹೊಂಡಕ್ಕೆ ಬೇಲಿ, ಬಾಗಿಲಿಗೆ ಎತ್ತರದಲ್ಲಿ ಚಿಲಕ, ಉಣುಗೋಲಿಗೆ ಗಂಟೆ ಇವು ಮಳೆ ಹಿಡಿಯುವ ಮೊದಲೇ ಆಗಬೇಕು. ಅಕ್ಕಪಕ್ಕದ ಮನೆಯವರಿಗೂ, ತೋಟದ ಕೆಲಸಕ್ಕೆ ಬರುವವರಿಗೂ, ಡೇರಿಗೆ ಹಾಲು ಒಯ್ಯುವವರಿಗೂ ಸ್ಪಷ್ಟವಾಗಿ ಹೇಳಿಡಬೇಕು: ಹುಡುಗ ಕಾಣದಿದ್ದರೆ ಮೊದಲು ನೀರಿರುವಲ್ಲಿ ಹುಡುಕಿ, ಕರೆದರೆ ಅವನು ಓಗೊಡದಿರಬಹುದು, ಕೂಗಿ ಅಟ್ಟಿಸಿಕೊಂಡು ಹೋಗಬೇಡಿ. ನಮ್ಮೂರಿನಲ್ಲಿ ಯಾರೂ ಬೇಸರಿಸಲಿಲ್ಲ. "ಅಪ್ಪೀ, ವ್ಯಾನ್ ಹತ್ರ ಹೋಗನ ಬಾ" ಎಂದರೆ ಅವನು ಹಿಂದಿರುಗುತ್ತಾನೆಂಬುದು ಈಗ ಕೇರಿಗೆಲ್ಲ ಗೊತ್ತಿದೆ.

ಕಾಗದಪತ್ರದ ಓಡಾಟವನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಮತ್ತು ಬೌದ್ಧಿಕ ಅಂಗವೈಕಲ್ಯಗಳೂ ಸೇರಿವೆ. ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡು ಮಾಡಿಸಿಕೊಂಡರೆ ಮುಂದಿನ ಸೌಲಭ್ಯಗಳಿಗೆ ಅದೇ ಆಧಾರವಾಗುತ್ತದೆ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಭರಿಸುತ್ತದೆ. ಥೆರಪಿಯೂ ಅದರಲ್ಲಿ ಸೇರಿದೆ.

ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಥೆರಪಿಗೆ ಹೋಗುವವರು ಘಾಟಿಯಲ್ಲಿ ಗುಡ್ಡ ಕುಸಿಯಿತೆಂದರೆ ವಾರಗಟ್ಟಲೆ ಮನೆಯಲ್ಲೇ ಉಳಿಯಬೇಕಾಗುತ್ತದೆ, ವಿಡಿಯೋ ಕರೆಗೆ ನೆಟ್‌ವರ್ಕೂ ಇರುವುದಿಲ್ಲ. ಹೀಗಾಗಿ ತಾಯಿತಂದೆಯರನ್ನು ಹೊರಗೆ ಕೂರಿಸಿ ಮಗುವನ್ನು ಮಾತ್ರ ಒಳಗೆ ಕರೆದುಕೊಳ್ಳುವ ಥೆರಪಿಯಿಂದ ನಮ್ಮ ಕಡೆಯವರಿಗೆ ಆಗುವ ಪ್ರಯೋಜನ ಕಡಿಮೆ ಎಂಬುದು ನನ್ನ ದೃಢ ಅಭಿಪ್ರಾಯ. ಮೇ ತಿಂಗಳ ಭೇಟಿಯಲ್ಲೇ, ಮುಂದಿನ ಮೂರು ತಿಂಗಳು ಮನೆಯಲ್ಲಿ ಏನೇನು ಮಾಡಿಸಬೇಕು, ಹೇಗೆ ಮಾಡಿಸಬೇಕು ಎಂಬುದನ್ನು ಕನ್ನಡದಲ್ಲಿ ಬರೆದುಕೊಡುವಂತೆ ಕೇಳಿ, ಅಲ್ಲಿಯೇ ಅವರೆದುರು ಒಮ್ಮೆ ಮಾಡಿ ನೋಡಿಕೊಂಡು ಬನ್ನಿ.